ಒಂದು ಕೆನ್ನೆ ಕಪ್ಪಾದ ಬನ್ನು

ಭಟ್ಟಿಯಣ್ಣ ಅಂಗಡಿಯೊಳಗೆ ಕಾಲಿಟ್ಟವನೇ ಮಾಡಿದ ಮೊದಲ ಕೆಲಸವೆಂದರೆ, ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಏರ್ ಫ್ರೈಯರ್ ಓವನ್ನಿನ ಬಾಗಿಲು ತೆಗೆದು, ಒಳಗೆ ಬಲಗೈ ತೂರಿಸಿ, ಕಣ್ಣು ಮುಚ್ಚಿಕೊಂಡು ಒಂದು, ಎರಡು, ಮೂರು ಎಂದು ಎಣಿಸತೊಡಗಿದ್ದು. ಇಪ್ಪತ್ತು ದಾಟಿದರೂ ಕೈ ಹೊರಗೆ ಬರಲಿಲ್ಲ.

"ಸರ್, ಅದಕ್ಕಿನ್ನೂ ಪ್ಲಗ್ಗೇ ಹಾಕಿಲ್ಲ," ಎಂದಳು ಅಂಗಡಿಯ ಹುಡುಗಿ.

"ಹಾಗನ್ನಿ ಮತ್ತೆ. ಅದಕ್ಕೇ ಇಷ್ಟು ತಣ್ಣಗಿದೆ," ಎಂದ ಭಟ್ಟಿಯಣ್ಣ, ಯಂತ್ರದ ಗುಟ್ಟನ್ನು ತಾನೇ ಪತ್ತೆ ಮಾಡಿದವನಂತೆ.

ಜೊತೆಗೆ ಬಂದಿದ್ದ ಮಗಳು ಹಣೆ ಚಚ್ಚಿಕೊಂಡಳು.

ಮೂವತ್ತಾರು ವರ್ಷ ಒಂದೇ ಬೇಕರಿಯ ಇಟ್ಟಿಗೆ ಭಟ್ಟಿಯ ಮುಂದೆ ನಿಂತವನಿಗೆ ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರು ಭಟ್ಟಿಯಣ್ಣ. ಮಂಚ ಹಾಕಿ ಇಬ್ಬರು ಮಲಗಬಹುದಾದಷ್ಟು ಅಗಲದ ಭಟ್ಟಿ. ಅದರ ಕಾವನ್ನು ಅಳೆಯಲು ಅಲ್ಲಿದ್ದ ಒಂದೇ ಉಪಕರಣ ಭಟ್ಟಿಯಣ್ಣನ ಬಲಗೈ. ಭಟ್ಟಿಯ ಬಾಯಿಯೊಳಗೆ ಕೈ ಚಾಚಿ ಎಣಿಸುತ್ತಿದ್ದ. ಎಂಟಕ್ಕೆ ಕೈ ಸುಟ್ಟರೆ ಬನ್ನಿನ ಕಾವು, ಹನ್ನೆರಡಕ್ಕೆ ಬಿಸ್ಕತ್ತಿನದು, ಇಪ್ಪತ್ತಕ್ಕಾದರೆ ರಸ್ಕು ಒಣಗಿಸಬಹುದು. ಆ ಕೈಯ ಮೇಲೆ ಮೊಣಕೈವರೆಗೂ ಒಂದು ಕೂದಲಿರಲಿಲ್ಲ. ಎರಡು ವರ್ಷದ ಹಿಂದೆ ಬೇಕರಿ ಮುಚ್ಚಿತು. ಭಟ್ಟಿಯನ್ನು ಒಡೆದು ತೆಗೆದ ಜಾಗದಲ್ಲಿ ಈಗ ಮೊಬೈಲಿನ ಕವಚಗಳನ್ನು ನೇತುಹಾಕಿ ಮಾರುತ್ತಾರೆ. ಕೈಯ ಮೇಲೆ ಕೂದಲು ಮತ್ತೆ ಚಿಗುರಿತ್ತು. ಅದನ್ನು ಕಂಡಾಗೆಲ್ಲ ಭಟ್ಟಿಯಣ್ಣನಿಗೆ ಯಾರದೋ ಕೈಯನ್ನು ಎರವಲು ತಂದು ಜೋಡಿಸಿಕೊಂಡ ಹಾಗೆ ಅನಿಸುತ್ತಿತ್ತು.

"ಇದು ಎಷ್ಟು ದೊಡ್ಡದು?" ಎಂದು ಕೇಳಿದ.

"ಇಪ್ಪತ್ತೈದು ಲೀಟರ್, ಸರ್."

"ನಾನು ಬನ್ನು ಬೇಯಿಸ್ಬೇಕು ಕಣಮ್ಮ. ಹಾಲು ಕರೆಯೋಕಲ್ಲ."

"ಓವನ್ನಿಗೆಲ್ಲ ಲೀಟರ್ ಲೆಕ್ಕಾನೇ ಸರ್."

ಭಟ್ಟಿಯಣ್ಣ ವಾದಕ್ಕೆ ಹೋಗಲಿಲ್ಲ. ಬಟ್ಟೆ ಚೀಲದಿಂದ ತನ್ನ ಹಳೆಯ ತಗಡಿನ ತಟ್ಟೆಯನ್ನು ಹೊರತೆಗೆದು ಒಂದೊಂದೇ ಯಂತ್ರದ ಬಾಯಿಗೆ ಹಿಡಿಯುತ್ತ ಹೋದ. ಮೊದಲನೆಯದರ ಬಾಯಿ ಚಿಕ್ಕದಾಯಿತು. ಎರಡನೆಯದು ಬುಟ್ಟಿಯ ಹಾಗೆ ಎಳೆದು ತೆಗೆಯುವಂಥದು. "ತಳದಲ್ಲೆಲ್ಲ ತೂತು. ಹಸಿ ಹಿಟ್ಟು ಜಾರಿ ಕೂತ್ಕೊಂಡ್ರೆ ಉಳಿಯಿಂದ ಕೆತ್ತಬೇಕು," ಎಂದು ಮುಚ್ಚಿದ. ಗಾಜಿನ ಬಾಗಿಲಿನ ಮೂರನೆಯದರಲ್ಲಿ ತಟ್ಟೆ ಸಲೀಸಾಗಿ ಕೂತಿತು. ಮೇಲೆ ನಾಲ್ಕು ಬೆರಳು ಜಾಗವೂ ಉಳಿಯಿತು. ಬನ್ನು ಉಬ್ಬಿದರೂ ತಲೆ ಬಡಿದುಕೊಳ್ಳುವ ಹಾಗಿಲ್ಲ.

"ಈ ಚಿತ್ರಗಳು ಏನಮ್ಮ?"

"ಒತ್ತಿದ್ರೆ ತಾನಾಗೇ ಟೈಮು, ಬಿಸಿ ಎಲ್ಲ ಸೆಟ್ ಆಗುತ್ತೆ. ಮೀನಿದೆ, ಕೋಳಿ ಇದೆ, ಕೇಕಿದೆ, ಪಿಜ್ಜಾ ಇದೆ."

"ಬನ್ನು?"

"ಬನ್ನಿಲ್ಲ ಸರ್."

"ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೆದೋರು ನೀವೇ. ಒಳಗೆ ಬಂದ್ಮೇಲೆ ಬನ್ನಿಲ್ಲ ಅಂದ್ರೆ?"

ಹುಡುಗಿ ನಕ್ಕಳು. ಭಟ್ಟಿಯಣ್ಣ ದನಿ ತಗ್ಗಿಸಿ ಮುಖ್ಯವಾದ ಪ್ರಶ್ನೆಗೆ ಬಂದ. "ಇದ್ರಲ್ಲಿ ಯಾವ ಮೂಲೆ ಜಾಸ್ತಿ ಸುಡುತ್ತೆ?"

"ಯಾವ ಮೂಲೇನೂ ಸುಡಲ್ಲ ಸರ್! ಹಿಂದ್ಗಡೆ ಫ್ಯಾನಿದೆ ನೋಡಿ. ಬಿಸಿಗಾಳಿ ಎಲ್ಲಾ ಕಡೆ ಒಂದೇ ಸಮ ಸುತ್ತುತ್ತೆ. ಅದೇ ಇದರ ಸ್ಪೆಷಾಲಿಟಿ."

ಭಟ್ಟಿಯಣ್ಣನ ಮುಖ ಸಪ್ಪಗಾಯಿತು. ಅವನಿಗೆ ಬೇಕಾಗಿದ್ದದ್ದು ಸುಡುವ ಮೂಲೆಯೇ.

ಅದಕ್ಕೆ ಕಾರಣ ಮನೆಯಲ್ಲಿ ಕಿಟಕಿ ಪಕ್ಕದ ಮಂಚದ ಮೇಲಿತ್ತು. ಹೆಂಡತಿಗೆ ಕೆಟ್ಟ ಜ್ವರ ಬಂದು, ಮೂರು ವಾರ ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದು ಎರಡು ತಿಂಗಳಾಗಿತ್ತು. ಜ್ವರ ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಏನು ಕೊಟ್ಟರೂ "ಕಾಗದ ಅಗಿದ ಹಾಗಿದೆ," ಎಂದು ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು. ಅವಳದೇ ಹೊಲಿಗೆಯ ರವಿಕೆಗಳು ಅವಳ ಮೈಮೇಲೆ ಬೇರೆ ಯಾರದೋ ಎನ್ನುವ ಹಾಗೆ ಜೋಲುತ್ತಿದ್ದವು. ಹೀಗೇ ತಿನ್ನದಿದ್ದರೆ ಮತ್ತೆ ಮಲಗಿಸಿ ಡ್ರಿಪ್ಪು ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವತ್ತು ಮಧ್ಯಾಹ್ನ ಅವಳು ಕಿಟಕಿಯ ಹೊರಗೆ ನೋಡುತ್ತ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದ್ದಳು: "ನಿಮ್ಮ ಆ ಮೂಲೆ ಬನ್ನು ಇದ್ದಿದ್ರೆ ಒಂದು ತಿಂತಿದ್ನೇನೋ."

ಮೂಲೆ ಬನ್ನಿನ ಕಥೆ ಮದುವೆಗಿಂತ ಹಳೆಯದು. ಭಟ್ಟಿಯ ಎಡ ಹಿಂಬದಿಯ ಮೂಲೆಯಲ್ಲಿ ಇಟ್ಟಿಗೆ ಸವೆದು, ಬೆಂಕಿಯ ಗೂಡು ತೀರ ಹತ್ತಿರವಾಗಿತ್ತು. ಅಲ್ಲಿ ಕೂತ ಬನ್ನುಗಳ ಒಂದು ಕೆನ್ನೆ ಕಪ್ಪಾಗುತ್ತಿತ್ತು. ಕಪ್ಪು ಕೆನ್ನೆ ಚೂರು ಕಹಿ, ಅದರ ಬೆನ್ನಿಗೇ ಸಕ್ಕರೆ ಕರಗಿದ ಪರಿಮಳ, ಒಳಗೆ ಹತ್ತಿಯಂಥ ಮೆತ್ತನೆಯ ತಿರುಳು. ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಮಾಲೀಕರು, "ಒಳ್ಳೇದು ನಂದು, ಸುಟ್ಟಿದ್ದು ನಿಂದು," ಎಂದು ಪಾಲು ಮಾಡಿಬಿಟ್ಟಿದ್ದರು. ಎದುರು ಸಾಲಿನ ಹೊಲಿಗೆ ಅಂಗಡಿಯ ಕಿಟಕಿಯಲ್ಲಿ ಒಬ್ಬಳು ದಿನವಿಡೀ ಯಂತ್ರ ತುಳಿಯುತ್ತಿದ್ದಳು. ಭಟ್ಟಿಯಣ್ಣ ಒಂದು ಬೆಳಿಗ್ಗೆ ಎದೆ ಗಟ್ಟಿ ಮಾಡಿಕೊಂಡು, ಕಾಗದದಲ್ಲಿ ಸುತ್ತಿದ ಎರಡು ಬನ್ನು ಹಿಡಿದು ರಸ್ತೆ ದಾಟಿದ.

"ತಗೊಳ್ಳಿ. ಇದನ್ನ ಯಾರೂ ಕೊಳ್ಳಲ್ಲ," ಎಂದ.

ಅವಳು ಸೂಜಿಯಿಂದ ಕಣ್ಣೆತ್ತದೆ, "ಹೀಗೆ ಮಾತಾಡ್ತಾ ಇದ್ರೆ ನಿಮ್ಮನ್ನೂ ಯಾರೂ ಕೊಳ್ಳಲ್ಲ," ಎಂದಳು. ಆದರೆ ಬನ್ನು ತಿಂದಳು. ಮರುದಿನ ಅವನು ರಸ್ತೆ ದಾಟುವಷ್ಟರಲ್ಲಿ ಕಿಟಕಿಯ ಒಂದು ಬಾಗಿಲು ಮುಂಚೆಯೇ ತೆರೆದಿತ್ತು. ಅಲ್ಲಿಂದಾಚೆ ಬೇಕರಿ ಮುಚ್ಚುವವರೆಗೂ ದಿನಕ್ಕೆರಡು ಮೂಲೆ ಬನ್ನು ಅವಳಿಗೆ ತಪ್ಪಿರಲಿಲ್ಲ.

ಹೀಗಾಗಿ ಯಂತ್ರ ಮನೆಗೆ ಬಂತು. ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಗಾಜಿನ ಕಣ್ಣಿನಿಂದ ಭಟ್ಟಿಯಣ್ಣನನ್ನು ನೋಡಿತು. ಭಟ್ಟಿಯಣ್ಣ ಸ್ನಾನ ಮಾಡಿ, ಹಳೆಯ ಏಪ್ರನ್ನು ಕಟ್ಟಿ, ಎರಡು ವರ್ಷದ ಮೇಲೆ ಮೊದಲ ಬಾರಿ ಹಿಟ್ಟು ನಾದಿದ. ಉಂಡೆಗಳು ಒದ್ದೆ ಬಟ್ಟೆಯಡಿಯಲ್ಲಿ ಉಬ್ಬಿ ಕೂತವು. ಕಾವು ನೋಡುವುದಷ್ಟೇ ಬಾಕಿ. ಭಟ್ಟಿಗೆ ಕೈ ಹಾಕುವ ಮುಂಚೆ ಅದರ ನೆಲಕ್ಕೆ ಒಂದು ಹಿಡಿ ಒಣಹಿಟ್ಟು ಎರಚಿ, ಅದು ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡುವುದು ಅವನ ಪದ್ಧತಿ. ಇಲ್ಲೂ ಹಾಗೆಯೇ ಒಂದು ಹಿಡಿ ಎರಚಿ ಬಾಗಿಲು ಹಾಕಿದ.

ಫ್ಯಾನು ಅದನ್ನೇ ಕಾದಿತ್ತು. ಗಾಜಿನ ಹಿಂದೆ ಬಿಳಿ ಸುಂಟರಗಾಳಿ ಎದ್ದಿತು. ಗಾಬರಿಯಲ್ಲಿ ಅವನು ಬಾಗಿಲನ್ನು ಪಟ್ಟನೆ ತೆಗೆದ. ಒಳಗಿದ್ದ ಹಿಟ್ಟೆಲ್ಲ ಒಂದೇ ಉಸಿರಿಗೆ ಹೊರಗೆ ಬಂದು ಅವನ ಹುಬ್ಬು, ಮೀಸೆ, ಡಬ್ಬಿ, ಪಾತ್ರೆ ಒಂದನ್ನೂ ಬಿಡದೆ ಕೂತಿತು. ಓಡಿಬಂದ ಮಗಳು ಬಾಗಿಲಲ್ಲೇ ನಿಂತಳು.

"ಅಪ್ಪ, ಏನಿದು?"

"ಕಾವು ನೋಡ್ತಿದ್ದೆ."

"ಹಿಟ್ಟನ್ನ ಗಾಳಿಗೆ ತೂರಿ?"

ಕಿಟಕಿ ಪಕ್ಕದ ಮಂಚದಿಂದ, "ಏನ್ರೀ ಅದು?" ಎಂದು ದನಿ ಬಂತು. ಭಟ್ಟಿಯಣ್ಣ ಆ ವೇಷದಲ್ಲೇ ಹೋಗಿ ನಿಂತ. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ಬೇಗ ಮುದುಕರಾಗ್ಬಿಟ್ರಾ?" ಎಂದಳು. ತುಟಿಯ ಒಂದು ತುದಿ ಮೇಲೇರಿ ಇಳಿಯಿತು.

ಹಿಟ್ಟು ಬಿಟ್ಟರೂ ಕೈ ಬಿಡಲಾಗಲಿಲ್ಲ. ಅವತ್ತು ಎರಡೆರಡು ನಿಮಿಷಕ್ಕೆ ಬಾಗಿಲು ತೆಗೆದು ಕೈ ಹಾಕಿ ಎಣಿಸಿದ. ಬಾಗಿಲು ತೆಗೆದಾಗೆಲ್ಲ ಯಂತ್ರ ಬಾಯಿಗೆ ಬೀಗ ಹಾಕಿಕೊಂಡಂತೆ ಸುಮ್ಮನಾಗುತ್ತಿತ್ತು, ಕಾವು ಪಕ್ಷಿಯಂತೆ ಹಾರಿಹೋಗುತ್ತಿತ್ತು. ಇಟ್ಟಿಗೆಯಾದರೆ ಬಾಗಿಲು ತೆರೆದೇ ಇದ್ದರೂ ಅರ್ಧ ದಿನ ಕಾವು ಹಿಡಿದಿಟ್ಟುಕೊಳ್ಳುತ್ತಿತ್ತು. ಈ ತಗಡಿಗೆ ಅಷ್ಟು ನೆನಪಿನ ಶಕ್ತಿ ಎಲ್ಲಿಂದ ಬರಬೇಕು? ಬನ್ನು ಉಬ್ಬಲಿಲ್ಲ. ಮಗಳ ಹುಬ್ಬು ಮಾತ್ರ ಏರಿತು. ಹೊರಬಂದದ್ದು ಬಿಳಿಚಿಕೊಂಡ, ಗೋಡೆಗೆಸೆದರೆ ಗೋಡೆಯೇ ಸೀಳಿಹೋಗುವಂಥ ಉಂಡೆಗಳು. ಬನ್ನಿಗೂ ಬನ್ನಕ್ಕೂ ಒಂದೇ ಅಕ್ಷರದ ದೂರ ಎನ್ನುವುದು ಹೀಗೇ ಕಳೆದ ನಾಲ್ಕು ದಿನಗಳಲ್ಲಿ ಅವನಿಗೆ ಚೆನ್ನಾಗಿ ಅರ್ಥವಾಯಿತು.

ಐದನೆಯ ದಿನ ಹೆಂಡತಿಯ ಬಳಿ ಕೂತು, "ನಂಗೆ ಇದು ಆಗಲ್ಲ ಕಣೇ. ಕೈಗೆ ಗೊತ್ತಾಗೋದು ಈ ಡಬ್ಬಿಗೆ ಗೊತ್ತಾಗಲ್ಲ," ಎಂದ.

"ನಾನು ಬಟ್ಟೇನ ಹೇಗೆ ಕತ್ತರಿಸ್ತಿದ್ದೆ?" ಎಂದಳು ಅವಳು.

"ಕಣ್ಣಳತೇಲಿ. ಬಾಗಿಲಲ್ಲಿ ನಿಂತೋರನ್ನ ನೋಡಿದ್ರೆ ಸಾಕಿತ್ತು ನಿಂಗೆ."

"ಕನ್ನಡಕ ಬಂದ್ಮೇಲೆ?"

"ಟೇಪು."

"ನನ್ನ ಕಣ್ಣಿಗಿಂತ ನಿಮ್ಮ ಕೈ ಏನು ಜಾಸ್ತಿ ಮರ್ಯಾದೆಯೋರ ಮನೇಲಿ ಹುಟ್ಟಿದ್ದಾ? ಅದರ ಮೇಲೆ ನಂಬರು ಬರುತ್ತಂತಲ್ಲ. ನಂಬಿ."

ಅಷ್ಟು ಮಾತಾಡಿದ್ದಕ್ಕೇ ದಣಿದು ಅವಳು ಕಣ್ಣು ಮುಚ್ಚಿದಳು. ಭಟ್ಟಿಯಣ್ಣ ಎದ್ದುಹೋಗಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಖಾಲಿ ಯಂತ್ರವನ್ನು ಒಂದೊಂದು ನಂಬರಿಗೆ ಕಾಯಿಸಿ, ಒಂದೊಂದೇ ಸಲ ಬಾಗಿಲು ತೆಗೆದು ಕೈ ಹಾಕಿ ಎಣಿಸಿದ. ಮಗಳು ಬರೆದುಕೊಂಡಳು. ನೂರಾ ನಲವತ್ತಕ್ಕೆ ಹದಿನೈದೆಣಿಕೆ, ನೂರಾ ಅರವತ್ತಕ್ಕೆ ಹನ್ನೊಂದು, ನೂರಾ ಎಪ್ಪತ್ತೈದಕ್ಕೆ ಸರಿಯಾಗಿ ಎಂಟು. ಕೈಯ ಭಾಷೆಯಿಂದ ಯಂತ್ರದ ಭಾಷೆಗೆ ನಿಘಂಟು ಸಿದ್ಧವಾಯಿತು. ಆ ಕಾಗದವನ್ನು ಡಬ್ಬಿಗಳ ಮೇಲಿನ ಗೋಡೆಗೆ ಅಂಟಿಸಿ, ಯಂತ್ರದ ಜೊತೆ ಬಂದ ಪುಸ್ತಕ ಓದಿ ಮಗಳು ಹೇಳಿದಂತೆ ಅರ್ಧದಲ್ಲೊಮ್ಮೆ ತಟ್ಟೆ ತಿರುಗಿಸುವುದಕ್ಕಲ್ಲದೆ ಬಾಗಿಲಿಗೆ ಕೈ ಹಚ್ಚುವುದನ್ನು ಬಿಟ್ಟ. ಬಿಸಿಗಾಳಿಗೆ ಬನ್ನಿನ ಮೈ ಒಣಗಿ ಬಿರಿಯುವುದನ್ನು ಗಾಜಿನಲ್ಲೇ ಕಂಡು, ತಟ್ಟೆಯ ಪಕ್ಕ ಒಂದು ಬಟ್ಟಲು ನೀರಿಟ್ಟ. ಹಿಂದೆ ಭಟ್ಟಿಯ ನೆಲಕ್ಕೆ ಒದ್ದೆ ಗೋಣಿಯಿಂದ ಒರೆಸಿದಾಗ ಏಳುತ್ತಿದ್ದ ಹಬೆಯ ತಮ್ಮ ಅದು.

ಏಳನೆಯ ದಿನ ಬನ್ನು ಬಂತು. ಬನ್ನೆಂದರೆ ಬನ್ನು! ದುಂಡಗೆ, ಹೊಂಬಣ್ಣದಲ್ಲಿ, ಸುತ್ತಲೂ ಒಂದೇ ಸಮ. ಮಗಳು ಚಪ್ಪಾಳೆ ತಟ್ಟಿದಳು. ಭಟ್ಟಿಯಣ್ಣ ಅದನ್ನು ತಟ್ಟೆಯಲ್ಲಿಟ್ಟು ಮಂಚದ ಬಳಿ ಒಯ್ದ. ಹೆಂಡತಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು.

"ಚೆನ್ನಾಗಿದೆ," ಎಂದು ತಟ್ಟೆ ಸರಿಸಿದಳು.

ಭಟ್ಟಿಯಣ್ಣನ ಜೀವ ಹಾರಿಹೋಯಿತು. ಸಂಸಾರದ ಅಷ್ಟೂ ವರ್ಷಗಳಲ್ಲಿ ಅವಳು ಅವನ ಬನ್ನನ್ನು ಚೆನ್ನಾಗಿದೆ ಎಂದವಳಲ್ಲ. ಚೆನ್ನಾಗಿದೆ ಎನ್ನುವುದು ನೆಂಟರ ಮನೆಯಲ್ಲಿ, ಬಾಯಿಗೆ ಹಿಡಿಸದ್ದನ್ನು ಬಿಟ್ಟು ಏಳುವಾಗ ಆಡುವ ಮಾತು. ಮರುವಾರ ಡಾಕ್ಟರ ಹತ್ತಿರ ತೂಕ ನೋಡಿಸಬೇಕಿತ್ತು.

ಅವನು ಅಡಿಗೆಮನೆಗೆ ಬಂದು ಸ್ಟೂಲಿನ ಮೇಲೆ ಕುಸಿದ. "ಇದಕ್ಕೆ ಮೂಲೆ ಇಲ್ಲ ಕಣಮ್ಮ. ಎಲ್ಲಾ ಕಡೆ ಒಂದೇ ಸಮ. ಆ ಹುಡುಗಿ ಅವತ್ತೇ ಹೇಳಿದ್ಲು."

"ಒಂದೇ ಸಮ ಆಗೋದು ನೀವು ಅರ್ಧದಲ್ಲಿ ತಟ್ಟೆ ತಿರುಗಿಸ್ತೀರಲ್ಲ, ಅದಕ್ಕೆ," ಎಂದಳು ಮಗಳು.

"ಪುಸ್ತಕದಲ್ಲಿ ತಿರುಗಿಸಿ ಅಂತ ನೀನೇ ಓದಿದ್ಯಲ್ಲ?"

"ಓದಿದ್ದೆ. 'ತಿರುಗಿಸದಿದ್ದಲ್ಲಿ ಫ್ಯಾನಿನ ಬದಿ ಕಪ್ಪಾಗಬಹುದು' ಅಂತಾನೂ ಇತ್ತು. ಬೇಡದ್ದು ಅಂತ ಹೇಳ್ಲಿಲ್ಲ."

ಭಟ್ಟಿಯಣ್ಣ ತಲೆ ತಗ್ಗಿಸಿ, ತನ್ನಷ್ಟಕ್ಕೆ ತಾನೇ ನಗತೊಡಗಿದ. ಮಗಳಿಗೆ ಕಾರಣ ತಿಳಿಯಲಿಲ್ಲ. ಆ ಭಟ್ಟಿಯ ಮೂಲೆಯನ್ನು ಗಾರೆಯವನು ಹೊಸ ಇಟ್ಟಿಗೆಯಿಟ್ಟು ಸರಿಮಾಡಿ ಹೋಗಿದ್ದು ಅವನ ಮದುವೆಯಾದ ನಾಲ್ಕನೆಯ ವರ್ಷದಲ್ಲಿ. ಅವತ್ತಿನಿಂದ ಒಂದು ಬನ್ನೂ ತಾನಾಗಿ ಸುಟ್ಟಿರಲಿಲ್ಲ. ಅವನೇ ದಿನಾ ಎರಡನ್ನು ಎತ್ತಿ, ಬೆಂಕಿಗೂಡಿನ ಗೋಡೆಗೆ ಕೆನ್ನೆ ತಾಗಿಸಿ ಕೂರಿಸುತ್ತಿದ್ದ. ಮಾಲೀಕರು ಗದರಿದರೆ, "ಕೈ ತಪ್ಪಿತು," ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ದಿನಕ್ಕೆರಡರಂತೆ ಕೈ ತಪ್ಪಿ ತಪ್ಪಿ, ಅದು ಮೂಲೆಯ ಕೆಲಸವೆಂದು ಅವನೇ ನಂಬಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಎರಡೇ ಉಂಡೆ ಮಾಡಿದ. ತಟ್ಟೆಯ ಹಿಂದಿನ ಅಂಚಿಗೆ, ಫ್ಯಾನಿನ ಜಾಲರಿಗೆ ಮುತ್ತಿಡುವಷ್ಟು ಹತ್ತಿರ ಕೂರಿಸಿದ. ನೂರಾ ಎಪ್ಪತ್ತೈದು. ಅರ್ಧಕ್ಕೆ ಬಂದಾಗ ಬಲಗೈ ತಾನಾಗಿ ಬಾಗಿಲಿನ ಕಡೆ ಹೊರಟಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತ. ಗಾಜಿನ ಹಿಂದೆ ಬನ್ನುಗಳು ಉಬ್ಬಿ, ಕೆಂಪಾಗಿ, ಆಚೆಯ ಬದಿಯಲ್ಲಿ ಕಂದಾಗಿ ಕಪ್ಪಿಗೆ ತಿರುಗಿದವು. ಸಕ್ಕರೆ ಸೀಯುವ ವಾಸನೆ ಅಡಿಗೆಮನೆ ದಾಟಿ ನಡುಮನೆಗೆ ಹೋಯಿತು.

"ರೀ, ಏನೋ ಸೀಯ್ತಾ ಇದೆ!" ಎಂದು ಕಿಟಕಿಯ ಕಡೆಯಿಂದ ಕೂಗು ಬಂತು. ಎರಡು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ ಅವಳು ಕೂಗಿರಲಿಲ್ಲ.

ಅವನು ತಟ್ಟೆ ಹಿಡಿದು ಹೋದಾಗ ಅವಳು ಗೋಡೆಗೆ ಒರಗಿ ಎದ್ದು ಕೂತಿದ್ದಳು. ಬನ್ನನ್ನು ಕೈಗೆತ್ತಿಕೊಂಡು, ತಿರುಗಿಸಿ, ಕಪ್ಪು ಕೆನ್ನೆಯನ್ನೇ ಮೊದಲು ಕಚ್ಚಿದಳು. ಭಟ್ಟಿಯಣ್ಣ ಮಂಚದ ಕಾಲು ಹಿಡಿದು ನಿಂತ. ಅವಳು ಅಗಿದಳು. ಇನ್ನೊಂದು ಸಲ ಕಚ್ಚಿದಳು. ಬನ್ನು ಅರ್ಧವಾಯಿತು, ಕಾಲಾಯಿತು, ಕೊನೆಗೆ ಬೆರಳಿಗೆ ಅಂಟಿದ ಚೂರೂ ಬಾಯಿಗೆ ಹೋಯಿತು.

"ಹೇಗಿದೆ?" ಎಂದ ಅವನು.

"ಹೇಗಿರುತ್ತೆ! ಉಪ್ಪು ಸಾಲದು, ತಳ ಬೆಂದಿಲ್ಲ, ಬೆಣ್ಣೆ ಹಾಕೋಕೆ ಕೈ ಬಿಗಿ ಹಿಡಿದಿದ್ದೀರಿ. ಎರಡು ವರ್ಷ ಮನೇಲಿ ಕೂತು ಕೆಲಸಾನೇ ಮರೆತಿದ್ದೀರಿ," ಎಂದು ಅವಳು ಎರಡನೆಯ ಬನ್ನಿಗೆ ಕೈ ಚಾಚಿದಳು. "ಟೀ ಇದೆಯಾ?"

"ಇದೆ, ಇದೆ," ಎನ್ನುತ್ತ ಭಟ್ಟಿಯಣ್ಣ ಒಲೆಯ ಕಡೆ ಓಡಿದ.