ಹೆಚ್ಚಾದ ಉಸಿರು

ನನ್ನ ಹೆಂಡತಿ ಶ್ವಾಸಕೋಶದ ಕಾಯಿಲೆಯಿಂದ ಹೋದಳು. ಕೊನೆಯ ತಿಂಗಳುಗಳಲ್ಲಿ ಪುಣೆ ಪಕ್ಕದ ಚಿಂಚವಾಡದ ನಮ್ಮ ಮನೆಯಲ್ಲಿ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಿರುತ್ತಿದ್ದೆ. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಅಂತರ ಹೆಚ್ಚಾದರೆ ನನ್ನ ಉಸಿರೂ ನಿಲ್ಲುತ್ತಿತ್ತು. ಅವಳು ಹೋದಳು, ನೋಡುವ ಚಟ ಮಾತ್ರ ಹೋಗಲಿಲ್ಲ. ನೋಡಲು ಬೇರೆ ಎದೆ ಇಲ್ಲದೆ ನನ್ನದನ್ನೇ ನೋಡತೊಡಗಿದೆ.

ಉಸಿರಾಟವನ್ನು ಅದರ ಪಾಡಿಗೆ ಬಿಟ್ಟರೆ ಜೀವಮಾನವಿಡೀ ತಕರಾರಿಲ್ಲದೆ ನಡೆಯುತ್ತದೆ. ಮೇಲೆ ನಿಂತು ನೋಡಿದರೆ ಕೆಡುತ್ತದೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ನನಗೆ ಇದು ಹೊಳೆಯಬೇಕಿತ್ತು. ತಲೆಯ ಮೇಲೆ ಸಾಹೇಬ ನಿಂತರೆ ಎಂಥ ಪಳಗಿದ ಕೈಯೂ ಲೇಥ್ ಯಂತ್ರದ ಮುಂದೆ ತಡವರಿಸುತ್ತದೆ. ಆ ಸಾಹೇಬ ನಾನೇ ಆಗಿದ್ದೆ.

ಮಗಳು ಬಸಿರಾದ ಸುದ್ದಿ ಹೇಳಿದಾಗ ಹೆಂಡತಿ ಇನ್ನೂ ಹಾಸಿಗೆ ಹಿಡಿದಿರಲಿಲ್ಲ. "ನೀ ನೌಕರಿ ಬಿಡಬ್ಯಾಡ ನೋಡು. ಕೂಸಿನ್ನ ನಾ ನೋಡ್ಕೋತೀನಿ," ಎಂದು ಮಾತು ಕೊಟ್ಟಿದ್ದಳು. ಅವಳು ಕೂಸಿನ ಮುಖ ನೋಡಲಿಲ್ಲ. ಹೆಣ್ಣುಮಗು ಹುಟ್ಟಿದ ಮೇಲೆ ನಾನು ಚಿಂಚವಾಡದ ಮನೆಗೆ ಬೀಗ ಹಾಕಿ, ಎರಡು ಚೀಲ ಹಿಡಿದು ವಾಕಡದ ಮಗಳ ಫ್ಲ್ಯಾಟಿಗೆ ಬಂದೆ. ಅಳಿಯನ ಕೆಲಸ ಅರ್ಧ ವಾರ ಊರಾಚೆ. ಮಗಳ ಹೆರಿಗೆ ರಜೆ ಮುಗಿದ ಮೇಲೆ ಹಗಲಿಡೀ ಕೂಸು ನನ್ನದು ಎಂದು ಮೂವರೂ ಒಪ್ಪಿದ್ದೆವು. ಹೆಂಡತಿ ಕೊಟ್ಟ ಮಾತನ್ನು ನಾನು ನಡೆಸಬೇಕಿತ್ತು. ಅದಕ್ಕಿಂತ ದೊಡ್ಡ ಆಸೆ ಆಗ ನನಗೆ ಬೇರೆ ಇರಲಿಲ್ಲ.

ಬಂದ ವಾರದಲ್ಲೇ ಅದು ಮೊದಲ ಸಲ ಬಂತು. ಊಟ ಮಾಡಿ ಕೂತಿದ್ದೆ, ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ ಅನ್ನಿಸಿತು. ಜೋರಾಗಿ ಎಳೆದುಕೊಂಡೆ. ಸಾಲಲಿಲ್ಲ. ಮತ್ತೂ ಎಳೆದೆ. ತುಟಿಯ ಸುತ್ತ ಜೋಮು ಹಿಡಿಯಿತು, ಬೆರಳ ತುದಿ ಜುಮುಗುಟ್ಟಿತು, ಎದೆ ಬಿಗಿಯಿತು. ಹೆಂಡತಿಯ ದಾರಿಯೇ ನನ್ನದೂ ಎಂದು ಖಾತ್ರಿಯಾಯಿತು. ಮಗಳು ಬಾಣಂತಿ ಮೈಯಲ್ಲೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಒಯ್ದಳು. ಎದೆಗೆ ತಂತಿ ಹಚ್ಚಿದರು, ರಕ್ತ ತೆಗೆದರು, ಫೋಟೋ ತೆಗೆದರು. ಹೃದಯ ಚೆನ್ನಾಗಿದೆ, ಶ್ವಾಸಕೋಶ ಚೆನ್ನಾಗಿದೆ, ಏನೂ ಆಗಿಲ್ಲ ಎಂದರು. ಏನೂ ಆಗಿಲ್ಲ ಎಂದು ಕೇಳಿ ಸಿಟ್ಟಿಗೆದ್ದ ರೋಗಿ ಪುಣೆಯಲ್ಲಿ ನಾನೊಬ್ಬನೇ ಇರಬೇಕು. ಏನೂ ಆಗದೆ ಮನುಷ್ಯ ಸಾಯುವ ಹಾಗಾಗುತ್ತಾನೆಯೇ?

ಆಮೇಲೆ ಅದು ಮತ್ತೆ ಮತ್ತೆ ಬಂತು. ನೆಂಟರು ಫೋನಿನಲ್ಲೇ ರೋಗ ಗುರುತಿಸಿದರು. "ಹೆದರಿಕಿ ಅಷ್ಟ, ಮತ್ತೇನಿಲ್ಲ ಬಿಡ್ರಿ," ಎಂದ ಧಾರವಾಡದ ಷಡ್ಡಕನೊಂದಿಗೆ ನಾನು ತಿಂಗಳುಗಟ್ಟಲೆ ಮಾತು ಬಿಟ್ಟೆ. ಫ್ಲ್ಯಾಟುಗಳ ಸೊಸಾಯಿಟಿಯ ಉದ್ಯಾನದಲ್ಲಿ ಬೆಳಿಗ್ಗೆ ಪ್ರಾಣಾಯಾಮ ಮಾಡುವ ಹಿರಿಯರ ಗುಂಪೊಂದಿತ್ತು. ಒಂದು ದಿನ ಅವರ ಎದುರೇ ನನಗೆ ಬಂದಾಗ ಎಲ್ಲರೂ ಸುತ್ತುಗಟ್ಟಿ, "ದೀರ್ಘ ಶ್ವಾಸ ಘ್ಯಾ ಕಾಕಾ, ಆಣಖೀ ದೀರ್ಘ!" ಎಂದು ಹುರಿದುಂಬಿಸಿದರು. ನಾನು ಇನ್ನೂ ದೀರ್ಘವಾಗಿ ಎಳೆದೆ, ಇನ್ನೂ ಕೆಟ್ಟೆ. ಒಬ್ಬರು ಬೇಕರಿಯ ಕಾಗದದ ಚೀಲ ತಂದು ನನ್ನ ಮೂಗು ಬಾಯಿಗೆ ಹಿಡಿದರು. ಖಾರಿ ಬಿಸ್ಕತ್ತಿನ ವಾಸನೆಯಲ್ಲಿ ಉಸಿರುಗಟ್ಟಿ ಸಾಯುವುದೇ ನನ್ನ ಹಣೆಬರಹ ಅಂದುಕೊಂಡೆ. ಪಾಪ, ಅವರೆಲ್ಲ ಒಳ್ಳೆಯ ಜನ.

ಮಗಳ ರಜೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ. ತುಟಿ ಜುಮುಗುಟ್ಟಿತು. ಮಗಳು ಅಡುಗೆಮನೆಯಿಂದಲೇ ನನ್ನ ಮುಖ ನೋಡಿ ಓಡಿ ಬಂದಳು. "ಅಪ್ಪಾ, ಕೂಸಿನ್ನ ಇಲ್ಲೆ ಕೊಡು."

"ನನಗೇನಾಗಿಲ್ಲ," ಎಂದೆ.

"ಕೊಡು ಅಂದ್ನೆಲ್ಲಾ."

"ಏನಾಗಿಲ್ಲ ಅಂತ ಹೇಳಾಕತ್ತೀನಿ!"

ಹೇಳುತ್ತಿದ್ದಂತೆಯೇ ನನ್ನ ಬೆರಳುಗಳು ತಾವಾಗಿಯೇ ಮುದುಡಿ ಸೆಟೆದವು. ಬಿಚ್ಚಬೇಕೆಂದರೂ ಬಿಚ್ಚಲಿಲ್ಲ, ಹಿಡಿಯಬೇಕೆಂದರೂ ಹಿಡಿಯಲಿಲ್ಲ. ಕೂಸು ತೋಳಿನಿಂದ ಜಾರಿತು. ಮಗಳ ಕೈ ಅಷ್ಟರಲ್ಲಿ ಕೆಳಗೆ ಬಂದಿತ್ತು. ಏನೂ ಆಗಲಿಲ್ಲ, ಕೂಸು ಅಳಲೂ ಇಲ್ಲ. ಮಗಳು ಅದನ್ನು ಎದೆಗವಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುವಾರ ಕೂಸನ್ನು ನೋಡಿಕೊಳ್ಳಲು ದಾದಿಯೊಬ್ಬಳು ಬಂದಳು. ಮಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನಿನಗ ಸ್ವಲ್ಪ ಆರಾಮ ಸಿಗ್ತದ, ಅದಕ್ಕ," ಎಂದಳು ಅಷ್ಟೆ. ಕೂಸನ್ನು ನೋಡಲು ಬಿಡುತ್ತಿದ್ದಳು, ಆಡಿಸಲು ಬಿಡುತ್ತಿದ್ದಳು. ಎತ್ತಿಕೊಳ್ಳಲು ಕೈ ಚಾಚಿದರೆ ಮಾತ್ರ ಏನಾದರೊಂದು ನೆಪ ಬರುತ್ತಿತ್ತು. ಈಗಷ್ಟೇ ಹಾಲು ಕುಡಿದಿದೆ, ನಿದ್ದೆ ಬಂದಿದೆ, ಲಂಗೋಟಿ ಬದಲಿಸಬೇಕು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೆಪಕ್ಕೆ ಏನೆನ್ನಲಿ? ನನಗೆ ಅಷ್ಟು ದುಃಖ ಹೆಂಡತಿ ಹೋದ ದಿನವೂ ಆಗಿರಲಿಲ್ಲ. ಆ ದಿನ ಮಾಡುವ ಕೆಲಸ ಬಹಳ ಇತ್ತು.

ಆ ದುಃಖವೇ ನನ್ನನ್ನು ಬೇರೊಬ್ಬ ವೈದ್ಯೆಯ ಬಳಿ ಒಯ್ದಿತು. ನಡುವಯಸ್ಸಿನ ಮರಾಠಿ ಹೆಂಗಸು. ಹಳೆಯ ವರದಿಗಳನ್ನೆಲ್ಲ ನೋಡಿ, ನನ್ನ ಮಾತು ಮುಗಿಯುವವರೆಗೂ ಸುಮ್ಮನಿದ್ದು, "ಕಾಕಾ, ತುಮ್ಹಾಲಾ ಶ್ವಾಸ ಕಮೀ ಪಡತ ನಾಹೀ, ಜಾಸ್ತ ಹೋತೋ," ಎಂದರು. ನಿಮಗೆ ಉಸಿರು ಕಡಿಮೆ ಬೀಳುತ್ತಿಲ್ಲ, ಹೆಚ್ಚಾಗುತ್ತಿದೆ! ಹೆಂಡತಿ ಯಾವುದಿಲ್ಲದೆ ಸತ್ತಳೋ ಅದು ನನ್ನಲ್ಲಿ ಹೆಚ್ಚಾಗಿದೆಯಂತೆ.

ಅವರು ಬಿಡಿಸಿ ಹೇಳಿದರು. ಬೇಕಾದದ್ದಕ್ಕಿಂತ ಹೆಚ್ಚು, ಬೇಗ ಬೇಗ ಉಸಿರಾಡಿದಾಗ ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗುತ್ತದೆ. ಅದನ್ನು ಕೆಟ್ಟ ಗಾಳಿ ಎಂದು ಶಾಲೆಯಲ್ಲಿ ಕಲಿತಿದ್ದರೂ ರಕ್ತದಲ್ಲಿ ಅದು ಹದವಾಗಿ ಇರಲೇಬೇಕು. ಅದು ಇಳಿದರೆ ತಲೆ ಹಗುರಾಗುತ್ತದೆ, ತುಟಿ ಬೆರಳು ಜುಮುಗುಟ್ಟುತ್ತವೆ, ಕೈ ಸೆಟೆಯುತ್ತದೆ, ಉಸಿರೇ ಸಾಲದು ಅನ್ನಿಸುತ್ತದೆ. ಸಾಲದೆಂದು ಇನ್ನೂ ಎಳೆಯುತ್ತೇವೆ, ಇನ್ನೂ ಕೆಡುತ್ತದೆ. ಎದೆನೋವು, ಉಬ್ಬಸ ಹೊಸದಾಗಿ ಬಂದರೆ ಅಥವಾ ಎಂದಿನಂತಿಲ್ಲದಿದ್ದರೆ ಮೊದಲು ಆಸ್ಪತ್ರೆಗೇ ಹೋಗಬೇಕು, ಇದು ಅದೇ ಎಂದು ಮನೆಯಲ್ಲಿ ತೀರ್ಮಾನಿಸಬಾರದು ಎಂದರು. ಕಾಗದದ ಚೀಲವನ್ನಂತೂ ಮುಖಕ್ಕೆ ಹಿಡಿಯಗೊಡಬೇಡಿ, ಕಾರಣ ಹೃದಯವೋ ಶ್ವಾಸಕೋಶವೋ ಆಗಿದ್ದರೆ ಅದರಿಂದ ಅಪಾಯ ಎಂದರು. ಒಳಗೆ ಎಳೆಯುವುದನ್ನು ಮರೆತು ಹೊರಗೆ ಬಿಡುವುದನ್ನು ಕಲಿಯಿರಿ. ಎದುರಿಗೆ ಮೇಣಬತ್ತಿ ಉರಿಯುತ್ತಿದೆ ಅಂದುಕೊಂಡು ತುಟಿ ಸಣ್ಣ ಮಾಡಿ ಮೆಲ್ಲಗೆ ಊದಿ, ಜ್ವಾಲೆ ಅಲುಗಬೇಕು, ಆರಬಾರದು.

"ಆಮಚ್ಯಾ ಘರಾತ ದಿವಾ ಫುಂಕತ ನಾಹೀತ," ಎಂದೆ ನಾನು. ನಮ್ಮ ಮನೆಯಲ್ಲಿ ದೀಪ ಊದುವುದಿಲ್ಲ.

ಅವರು ನಕ್ಕು, "ಹಾಗಾದರೆ ಏನನ್ನು ಊದುತ್ತೀರಿ?" ಎಂದು ಕೇಳಿದರು. ನಾನು ವರದಿಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ.

ದೀಪದ ಮಾತು ಮೊಂಡುತನದಿಂದ ಹೇಳಿದ್ದಲ್ಲ. ಹೆಂಡತಿಯ ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ಕಾರ್ಯಗಳು ಮುಗಿಯುವ ತನಕ ಆರಬಾರದೆಂದು ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಎಣ್ಣೆ ಹೊಯ್ಯುತ್ತ ಕಾದವನು ನಾನು. ಮನೆಗೆ ಬಂದು ಮಗಳ ಬರ್ತ್‌ಡೇ ಮೇಣಬತ್ತಿಯೊಂದನ್ನು ಹಚ್ಚಿ ಎದುರಿಗಿಟ್ಟು ನೋಡಿದೆ. ತುಟಿ ಮುಂದೆ ಬರಲಿಲ್ಲ. ಕೈಯಿಂದ ಅದನ್ನು ನಂದಿಸಿ, ಡಾಕ್ಟರಿಗೂ ಅವರ ಫೀಸಿಗೂ ಸೇರಿಸಿ ಬೈದು ಮಲಗಿದೆ.

ಕೆಲವು ದಿನಗಳ ಮೇಲೆ ಕೂಸಿಗೆಂದು ಹೆಂಡತಿ ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದಿಟ್ಟಿದ್ದ ಕೌದಿಯನ್ನು ತರಲು ಚಿಂಚವಾಡಕ್ಕೆ ಹೋದೆ. ಮೆಟ್ಟಿಲು ಹತ್ತುವಾಗಲೇ ಉಸಿರು ಕೆಡತೊಡಗಿತ್ತು. ಬೀಗ ತೆಗೆದರೆ ಅವಳಿಲ್ಲದ ಮನೆಯ ವಾಸನೆ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಕಪ್ಪು, ಎರಡು ಬಶಿ ಬೋರಲಾಗಿ ಇಟ್ಟಲ್ಲೇ ಇದ್ದವು. ಒಂದು ಬಶಿಯ ಅಂಚು ಒಡೆದಿದೆ, ಅದು ಅವಳದು. ನಾವಿಬ್ಬರೂ ಜೀವಮಾನವಿಡೀ ಚಹಾವನ್ನು ಬಶಿಗೆ ಸುರಿದು ಊದಿಕೊಂಡೇ ಕುಡಿದವರು. ಮಗಳ ಮನೆಯಲ್ಲಿ ಬಶಿ ಇಲ್ಲ, ಕಂಪನಿಯವರು ಕೊಟ್ಟ ದಪ್ಪ ಮಗ್ಗುಗಳಿವೆ. ನಾನೂ ಅವುಗಳಲ್ಲೇ ಕುಡಿಯುತ್ತಿದ್ದೆ, ಆರಿದ ಮೇಲೆ.

ಕೆಳಗಿನ ಅಂಗಡಿಯಿಂದ ಹಾಲು ತಂದು ಚಹಾ ಮಾಡಿದೆ. ಬಶಿಗೆ ಸುರಿದೆ, ಊದಿದೆ. ಜೋರಾಗಿ ಊದಿದರೆ ಅಂಗಿಯ ಮೇಲೆ ಸಿಡಿಯುತ್ತದೆ. ಮೆಲ್ಲಗೆ, ಉದ್ದಕ್ಕೆ ಊದಿದರೆ ಮೇಲಿನ ಕೆನೆ ಅಷ್ಟೇ ನೆರಿಗೆಗಟ್ಟಿ ಅಂಚಿಗೆ ಸರಿಯುತ್ತದೆ. ನೆರಿಗೆ ಸರಿದ ಮೇಲೆ ಉಸಿರು ತಾನಾಗಿ, ಮೂಗಿನಿಂದ, ಸದ್ದಿಲ್ಲದೆ ಒಳಗೆ ಬರುತ್ತದೆ. ಅದನ್ನು ಯಾರೂ ಎಳೆಯಬೇಕಿಲ್ಲ. ಬಶಿ ಖಾಲಿಯಾದಾಗ ಗಮನಿಸಿದೆ, ಮೆಟ್ಟಿಲ ಮೇಲೆ ಶುರುವಾದದ್ದು ಎಲ್ಲಿಗೋ ಹೋಗಿತ್ತು. ಆ ಅಡುಗೆಮನೆಯಲ್ಲಿ ಒಬ್ಬನೇ ಕೂತು ಮನಸಾರೆ ಅತ್ತೆ. ಅವಳು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಕೌದಿಯ ಜೊತೆ ಎರಡೂ ಕಪ್ಪು ಬಶಿಗಳನ್ನು ವಾಕಡಕ್ಕೆ ತಂದೆ. ಬೆಳಿಗ್ಗೆ ಸಂಜೆ, ಏನೂ ಆಗಿಲ್ಲದಾಗಲೇ, ಊದುವುದನ್ನು ರೂಢಿ ಮಾಡಿದೆ. ಷಡ್ಡಕನಿಗೆ ಫೋನು ಮಾಡಿ, "ಹೌದಪಾ, ಹೆದರಿಕೀನ," ಎಂದೆ. ಆದರೆ ಅದು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು.

ಒಂದು ಬೆಳಿಗ್ಗೆ ದಾದಿ ಬಂದಿರಲಿಲ್ಲ. ಮಗಳು ಸ್ನಾನಕ್ಕೆ ಹೋಗುವ ಅವಸರದಲ್ಲಿ, ಬೇರೆ ದಾರಿಯಿಲ್ಲದೆ, ಕೂಸನ್ನು ನನ್ನ ಕೈಗಿಟ್ಟು, "ಐದೇ ಮಿನಿಟು," ಎಂದಳು. ಎಷ್ಟೋ ದಿನಗಳ ಮೇಲೆ ಅದರ ತೂಕ ತೋಳಿಗೆ ಬಂತು. ಕೂಸಿನ ತಲೆ ನನ್ನ ಎದೆಯ ಮೇಲಿತ್ತು, ಅದರ ಉಸಿರು ಹಗುರಾಗಿ, ಬೇಗ ಬೇಗ ಬರುತ್ತಿತ್ತು. ಹಾಳು ಚಟ, ನಾನು ಅದನ್ನು ನೋಡತೊಡಗಿದೆ. ತುಟಿ ಜುಮುಗುಟ್ಟಿತು.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತ್ತು. ಇನ್ನೊಂದು ಗಳಿಗೆ ತಡೆದುಕೊಂಡಿದ್ದರೆ ಮಗಳಿಗೆ ಗೊತ್ತಾಗುತ್ತಿರಲಿಲ್ಲ, ಕೂಸೂ ನನ್ನ ತೋಳಿನಲ್ಲೇ ಇರುತ್ತಿತ್ತು. ಆದರೂ ಬಗ್ಗಿ ಕೂಸನ್ನು ನೆಲದ ಮೇಲಿನ ಕೌದಿಯಲ್ಲಿ ಮಲಗಿಸಿದೆ. ಪಕ್ಕದಲ್ಲಿ ಕೂತೆ. ಚಹಾ ಇರಲಿಲ್ಲ. ಅಂಗೈಯನ್ನೇ ಬಶಿಯಂತೆ ಹಿಡಿದು ಮೆಲ್ಲಗೆ, ಉದ್ದಕ್ಕೆ ಊದತೊಡಗಿದೆ.

ತಲೆಯೆತ್ತಿದಾಗ ಮಗಳು ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಓಡಿ ಬರಲಿಲ್ಲ, ಕೂಸನ್ನು ಎತ್ತಿಕೊಳ್ಳಲೂ ಇಲ್ಲ. ನಾನು ಊದುವುದು ಮುಗಿಯುವ ತನಕ ಕಾದಳು.

"ಮತ್ತ ಬಂತು," ಎಂದೆ. "ಕೆಳಗ ಇಟ್ಟೆ."

"ನೋಡಿದೆ," ಎಂದಳು. ಎದುರಿಗೆ ನೆಲದ ಮೇಲೆ ಕೂತು ತನ್ನ ತಾಯಿಯ ಕೌದಿಯ ಅಂಚನ್ನು ಸರಿಮಾಡಿದಳು. "ಅಪ್ಪಾ, ನಿನಗ ಹಿಂಗ ಆಗ್ತದ ಅಂತ ನಾ ಹೆದರಿದ್ದಿಲ್ಲ. ಆಗಿದ್ರೂ ನೀ ಏನೂ ಆಗಿಲ್ಲ ಅಂತಿದ್ದೆಲ್ಲಾ, ಅದಕ್ಕ ಹೆದರಿದ್ದೆ."

ಆ ದಿನ ಅವಳು ರಜೆ ಹಾಕುತ್ತಾಳೆಂದುಕೊಂಡಿದ್ದೆ. ಹಾಕಲಿಲ್ಲ. ಚಹಾ ಮಾಡಿ ನನ್ನ ಮುಂದೆ ಬಶಿ ಇಟ್ಟಳು. ತನ್ನ ಮಗ್ಗನ್ನು ಕೈಗೆತ್ತಿಕೊಂಡವಳು ಅದನ್ನು ಕೆಳಗಿಟ್ಟು, ಅಂಚು ಒಡೆದ ಬಶಿಯನ್ನು ತೆಗೆದುಕೊಂಡು ಅದಕ್ಕೆ ಸುರಿದಳು. ಇಬ್ಬರೂ ಎದುರುಬದುರು ಕೂತು ಊದಿಕೊಂಡು ಕುಡಿದೆವು. ಹಿಂಜವಾಡಿಯ ಆಫೀಸಿನ ಕ್ಯಾಬು ಗೇಟಿಗೆ ಬಂದಿದೆಯೆಂದು ಫೋನು ಹೊಡೆದುಕೊಂಡಿತು. ಮಗಳು ಕೂಸನ್ನು ಕೌದಿ ಸಮೇತ ಎತ್ತಿ, ನನ್ನ ತೋಳಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು.