ಹೊಲಗಳ ಹೆಸರು ಬಲ್ಲ ಮಲಾಕಿ
ಐರ್ಲೆಂಡಿನ ನಾಕ್‌ನಬ್ರೋನ್ ಎಂಬ ಹನ್ನೊಂದು ಮನೆಗಳ ಊರಿನಲ್ಲಿ ಯಾರೇ ದಾರಿ ಕೇಳಲಿ, ನಿವೃತ್ತ ಅಂಚೆಯಣ್ಣ ಮಲಾಕಿ ಟೂಹಿ ಮೊದಲು ಊರಿನ ಐರಿಷ್ ಹೆಸರಿನ ಅರ್ಥ ಬಿಡಿಸಿ ಹೇಳಿ, ಆಮೇಲೆ ದಾರಿ ತೋರಿಸುತ್ತಿದ್ದ. "ದುಃಖದ ಗುಡ್ಡ ಅಂತಾರೆ, ನಂಬಬೇಡಿ! ಬ್ರೋನ್ ಅಂದ್ರೆ ಇಲ್ಲಿ ಬೀಸೋಕಲ್ಲು ಕಣ್ರೀ." ಅವನು ಹೊಸ್ತಿಲು ತುಳಿದ ಕೂಡಲೇ ಅಂಗಡಿಯ ನೂಲಾ, "ಬಂತಪ್ಪಾ ಬೀಸೋಕಲ್ಲು, ಇನ್ನು ನಾವೆಲ್ಲಾ ಹಿಟ್ಟು!" ಎನ್ನುವಳು. ಶವಯಾತ್ರೆಯಲ್ಲೂ ಅವನು ಬೇಲಿಯಾಚೆ ಕೈ ತೋರಿಸಿ, ಅದು ಕರುಗಳ ಹೊಲ, ಇದು ಪಾದ್ರಿ ಜಾರಿಬಿದ್ದ ಹೊಲ ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಡುತ್ತಿದ್ದ. ಅವನು ಕೈಯಾರೆ ಬರೆದ ನಕ್ಷೆಯಲ್ಲಿ ಅರವತ್ತೆರಡು ಹೊಲಗಳಿಗೆ ಹೆಸರಿತ್ತು. ಅವನದೇ ಮನೆಯ ಹಿಂದಿನದು ಮಾತ್ರ ಖಾಲಿ. "ಇದಕ್ಕೆ ಹೆಸರೇ ಇಲ್ವೇನೋ ಮಲಾಕಿ?" ಎಂದು ನೂಲಾ ಒಮ್ಮೆ ಕೇಳಿದಳು. ಅವನು ನಕ್ಷೆಯ ಆ ಖಾಲಿ ಜಾಗದ ಮೇಲೆ ಬೆರಳಿಟ್ಟ. "ಇತ್ತು. ಹಸು ಹೊಡ್ಕೊಂಡು ಹೋಗೋವಾಗ ನಮ್ಮಜ್ಜಿ ಐರಿಷಲ್ಲಿ ಕೂಗಿ ಹೇಳೋಳು. ಒಂದಿನ ಶಾಲೆ ಗೆಳೆಯರ ಮುಂದೆ, 'ಆ ಹಳೇ ಭಾಷೆ ಆಡಬೇಡ, ನಂಗೆ ನಾಚ್ಕೆಯಾಗುತ್ತೆ' ಅಂದ್ಬಿಟ್ಟೆ. ಈಗ ಎಷ್ಟು ನೆನೆಸಿಕೊಂಡ್ರೂ ಆ ಹೆಸರು ಬರಲ್ಲ, ನೂಲಾ. ಅವತ್ತಿಂದ ಸಾಯೋತನಕ ಅಜ್ಜಿ ನನ್ನ ಹತ್ರ ಇಂಗ್ಲಿಷಲ್ಲೇ ಮಾತಾಡಿದ್ಲು, ತಪ್ಪು ತಪ್ಪಾಗಿ."