ಟಪಾಲಮ್ಮ ಬರೆದುಕೊಟ್ಟ ದಾರಿ

ರಜೆಗೆ ಬಂದವರ ರಾತ್ರಿಯೂಟ ಮುಗಿದು ತಟ್ಟೆಗಳು ಒಳಗೆ ಹೋದವೆಂದರೆ ಟಪಾಲಮ್ಮನ ದರ್ಬಾರು ಶುರು. ತಮ್ಮನ ಮನೆಯ ಉದ್ದನೆ ಮೇಜಿನ ತುದಿಯಲ್ಲಿ ಅವಳ ಕುರ್ಚಿ, ಮುಂದೆ ಬಿಳಿ ಹಾಳೆ, ಚೂಪಾಗಿ ಕೆತ್ತಿದ ಪೆನ್ಸಿಲು. ಬಂದವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, ಅವಳು ಮೊದಲು ನೋಡುತ್ತಿದ್ದುದು ಅವರ ಕಾಲಿನ ಕಡೆ. "ಈ ಚಪ್ಪಲೀಲಿ ಗುಡ್ಡ ಹತ್ತೋಕೆ ಹೊರಟಿದ್ದೀರಾ? ಗುಡ್ಡ ನಗುತ್ತೆ," ಎಂದು ಒಂದು ಮಾತು ಹೇಳಿ, ಮರುದಿನದ ತಿರುಗಾಟವನ್ನು ನಿಮಿಷ ಸಮೇತ ಬರೆದುಕೊಡುತ್ತಿದ್ದಳು. ಎಷ್ಟು ಗಂಟೆಗೆ ಮನೆ ಬಿಡಬೇಕು, ಯಾವ ಬಸ್ಸು, ಎಲ್ಲಿ ಇಳಿಯಬೇಕು, ಬೇಲಿ ಯಾವ ಕೈಗೆ ಬರಬೇಕು, ಬುತ್ತಿ ಎಲ್ಲಿ ಬಿಚ್ಚಬೇಕು, ಎಲ್ಲ ಆ ಚೀಟಿಯಲ್ಲಿ ಇರುತ್ತಿತ್ತು.

ಬರೆಯುವ ಯೋಗ್ಯತೆ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಮೂವತ್ತೊಂದು ವರ್ಷ ಸುತ್ತಲಿನ ಹದಿನಾಲ್ಕು ಹಳ್ಳಿಗಳಿಗೆ ಹೆಗಲಿಗೆ ಚೀಲ ಹಾಕಿಕೊಂಡು ಕಾಲ್ನಡಿಗೆಯಲ್ಲಿ ಕಾಗದ ಹಂಚಿದವಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತು ಸಿಗಲಿಲ್ಲ" ಎಂದು ಹೇಳಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ತಮ್ಮನ ಮನೆ ಸೇರಿದಳು. ಆ ಮನೆಯ ಮೂರು ಕೋಣೆಗಳನ್ನು ಪಟ್ಟಣದಿಂದ ಬರುವವರಿಗೆ ವಾರದ ಲೆಕ್ಕದಲ್ಲಿ ಬಿಡುತ್ತಿದ್ದರು. ಅಡುಗೆ, ಹಾಸಿಗೆ ತಮ್ಮನ ಹೆಂಡತಿಯ ಪಾಲು. ಜೀಪು, ಪಂಪು, ಸೋರುವ ನಲ್ಲಿ ತಮ್ಮನ ಪಾಲು. ಟಪಾಲಮ್ಮನ ಪಾಲಿಗೆ ಉಳಿದದ್ದು ಚೀಟಿ ಒಂದೇ. ಬಂದವರು ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ಊಟದ ಬಗ್ಗೆ ಒಂದು ಸಾಲು ಬರೆದರೆ ಚೀಟಿಯ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದರು. "ಅತ್ತಿಗೆ, ನಾನು ಬೆಳಗಿನಿಂದ ಒಲೆ ಮುಂದೆ ಬೆಂದಿದ್ದೆಲ್ಲ ದಂಡ ನೋಡಿ," ಎಂದು ತಮ್ಮನ ಹೆಂಡತಿ ನಗುತ್ತಿದ್ದಳು.

ಆದರೆ ನಾಲ್ಕು ವರ್ಷದಿಂದ ಟಪಾಲಮ್ಮ ಆ ದಾರಿಗಳಲ್ಲಿ ಕಾಲಿಟ್ಟಿರಲಿಲ್ಲ. ಎಡ ಮೊಣಕಾಲು ಸವೆದುಹೋಗಿತ್ತು. ಸಮ ನೆಲದ ಮೇಲೆ ಜಬರ್ದಸ್ತಾಗಿ ನಡೆಯುವವಳು, ಇಳಿಜಾರು ಕಂಡರೆ ಬೆವರುತ್ತಿದ್ದಳು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವಾರಕ್ಕೆರಡು ಸಲ ಕೋಲು ಹಿಡಿದು "ದಾರಿ ನೋಡ್ಕೊಂಡು ಬರ್ತೀನಿ" ಎಂದು ಹೊರಟು, ಮುಂದಿನ ತಿರುವಿನಾಚೆಯ ಬಸ್ ಸ್ಟಾಪಿನ ಬೆಂಚಿನ ಮೇಲೆ ಎರಡು ಗಂಟೆ ಕೂತು ವಾಪಸು ಬರುತ್ತಿದ್ದಳು. ಬರೆಯುತ್ತಿದ್ದುದೆಲ್ಲ ನೆನಪಿನಿಂದ. ಹೋದ ವರ್ಷ ಯಾರೋ "ನೀವು ಹೇಳಿದ ಗೇಟು ಅಲ್ಲಿಲ್ಲ" ಎಂದಾಗ, ನೀವೇ ದಾರಿ ತಪ್ಪಿದಿರಿ ಎಂದು ಅವರ ಬಾಯಿ ಮುಚ್ಚಿಸಿದ್ದಳು. ಅವರು ಕ್ಷಮೆ ಬೇರೆ ಕೇಳಿದ್ದರು.

ಆ ವಾರ ಬಂದವರು ಗಂಡ ಹೆಂಡತಿ. ಅವನದು ಪಟ್ಟಣದಲ್ಲಿ ಕನ್ನಡಕದ ಅಂಗಡಿ. ಅವಳಿಗೆ ಏಳು ತಿಂಗಳು. ಮಗುವಾದ ಮೇಲೆ ಎಲ್ಲಿಗೂ ಹೋಗಲಾಗುವುದಿಲ್ಲ, ಅದಕ್ಕೆ ಈಗಲೇ ನಾಲ್ಕು ದಿನ ತಿರುಗಾಡಿಬಿಡೋಣ ಎಂದು ಬಂದಿದ್ದರು. ಟಪಾಲಮ್ಮ ಯೋಚಿಸಿ ಯೋಚಿಸಿ, ಯಾರಿಗೂ ಬರೆದುಕೊಡದ ಒಂದು ಮೆತ್ತಗಿನ ದಾರಿಯನ್ನು ಅವರಿಗೆಂದು ತೆಗೆದಳು. ಕಲ್ಲು ಕ್ವಾರಿಯ ಸ್ಟಾಪಿನಲ್ಲಿ ಇಳಿದು ಇಳಿಜಾರಿನಲ್ಲೇ ನಿಧಾನವಾಗಿ ಹಳೇ ಗಿರಣಿಯ ತನಕ ನಡೆಯುವುದು. ಹೊಳೆ ಪಕ್ಕ ಬುತ್ತಿ ಉಂಡು, ಒಂದು ನಿದ್ದೆ. ಮೂರು ಗಂಟೆಗೆ ಗಿರಣಿ ಹಿಂದಿನ ಮರದ ಸೇತುವೆ ದಾಟಿದರೆ ಹತ್ತು ನಿಮಿಷಕ್ಕೆ ಡಾಂಬರು ರಸ್ತೆ, ಮೂರೂ ನಲವತ್ತಕ್ಕೆ ಬಸ್ಸು. ಏರು ಅಂಬೋದೇ ಇಲ್ಲ.

ಮರುದಿನ ನಾಲ್ಕು ಗಂಟೆಗೆ ಬಸ್ಸು ಬಂತು. ಟಪಾಲಮ್ಮ ಗೇಟಿನ ಹತ್ತಿರವೇ ನಿಂತಿದ್ದಳು. ಬಸ್ಸಿನಿಂದ ಕರೆಂಟಿನ ಮೀಟರ್ ಓದುವವನು ಒಬ್ಬನೇ ಇಳಿದ.

"ಗಿರಣಿ ಹತ್ರ ಯಾರೂ ಹತ್ತಲಿಲ್ವಾ? ಒಬ್ಬಳು ಬಸುರಿ ಹೆಂಗಸು?"

"ಅಲ್ಲಿ ಯಾರು ಹತ್ತುತ್ತಾರೆ, ಬಸ್ಸು ನಿಲ್ಲಿಸಲೇ ಇಲ್ಲ," ಎಂದ ಅವನು, ಮೀಟರ್ ಡಬ್ಬಿಯ ಬಾಗಿಲು ತೆಗೆಯುತ್ತ. "ಸೇತುವೆ ಕೊಚ್ಚಿಕೊಂಡು ಹೋದಮೇಲೆ ಆ ಕಡೆಯಿಂದ ಜನ ಬರೋದೇ ನಿಂತಿದೆ. ಎರಡು ಮಳೆಗಾಲ ಆಯ್ತಲ್ಲ."

ಮೀಟರಿನವನು ಅಂಕಿ ಬರೆದುಕೊಂಡು ಹೋದರೂ ಅವಳು ಗೇಟಿನ ಸರಳು ಹಿಡಿದುಕೊಂಡೇ ಇದ್ದಳು. ಸೇತುವೆ ಇಲ್ಲ. ವಾಪಸು ಕ್ವಾರಿಗೆ ಹತ್ತಬೇಕೆಂದರೆ ಬಿಸಿಲಿನಲ್ಲಿ ಒಂದೂವರೆ ಗಂಟೆಯ ಏರು, ಹೊಟ್ಟೆ ಹೊತ್ತುಕೊಂಡು. ಇಲ್ಲವೇ ಹೊಳೆಗೆ ಇಳಿಯಬೇಕು. ಮೊಣಕಾಲುದ್ದ ನೀರು ಅನ್ನಿಸುತ್ತೆ, ಕೆಳಗೆ ಪಾಚಿ ಕಟ್ಟಿದ ಕಲ್ಲು. ಒಂದು ಸಲ ಅವಳೇ ಅಲ್ಲಿ ಜಾರಿಬಿದ್ದು ಒಂದು ಕಟ್ಟು ಕಾಗದ ನೀರುಪಾಲು ಮಾಡಿದ್ದಳು. ಆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ಲೂ ಸಿಗುವುದಿಲ್ಲ.

ಒಳಗೆ ಬಂದು ಈಗಿನ ಪೋಸ್ಟ್‌ಮ್ಯಾನಿಗೆ ಫೋನು ಮಾಡಿದಳು. ನಾಲ್ಕು ವರ್ಷದಲ್ಲಿ ಇದೇ ಮೊದಲು. ದಾರಿ ಹೇಗಿದೆಯೆಂದು ಅವನನ್ನು ಕೇಳಿದರೆ, ದಾರಿ ಅವನದಾಯಿತು ಎಂದು ಒಪ್ಪಿಕೊಂಡ ಹಾಗೆ ಎಂಬ ಹಠ ಅವಳದು. ಈಗ ಹಠ ಬಿಟ್ಟು ಕೇಳಿದಳು, ಗಿರಣಿ ಸೇತುವೆ ನಿಜವಾಗಿಯೂ ಇಲ್ಲವೇ, ಬೇರೆ ಯಾವುದಾದರೂ ಹಲಗೆ ಹಾಕಿದ್ದಾರೆಯೇ ಎಂದು.

"ನನಗೇನು ಗೊತ್ತಮ್ಮ, ನಾನು ಗಾಡೀಲಿ ಡಾಂಬರು ರಸ್ತೆ ಮೇಲೆ ಹೋಗೋನು. ಆ ಕಾಲುದಾರಿ ಒಂದೂ ನಾನು ನೋಡಿಲ್ಲ. ನೀವು ಈಗಲೂ ಅಲ್ಲೆಲ್ಲ ಓಡಾಡ್ತೀರಂತಲ್ಲ? ನಿಮಗೇ ಗೊತ್ತಿರಬೇಕು," ಎಂದ ಅವನು, ಗೌರವದಿಂದಲೇ.

ತಮ್ಮ ಹಿತ್ತಲಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ಅವರು ಬಸ್ಸು ತಪ್ಪಿಸಿಕೊಂಡಿದ್ದಾರೆ, ಜೀಪು ತಗೊಂಡು ಹೋಗಿ ಕರೆದುಕೊಂಡು ಬಾ ಎಂದಷ್ಟೇ ಹೇಳಿದರೆ ಅವನು ನೆಟ್ಟಗೆ ಡಾಂಬರು ರಸ್ತೆಗೆ ಹೋಗುತ್ತಾನೆ. ಹೊಳೆಯ ಆಚೆ ದಡ ಅದು. ಅಲ್ಲಿ ಹುಡುಕಿ, ಕೂಗಿ, ಸುತ್ತಿಕೊಂಡು ಈಚೆಗೆ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಕ್ವಾರಿ ಕಡೆಯಿಂದ ಹೋಗು ಎಂದರೆ ಯಾಕೆ ಎಂದು ಕೇಳುತ್ತಾನೆ. ಚೀಟಿ ಕೈಬಿಟ್ಟರೆ ಈ ಮನೆಯಲ್ಲಿ ತಾನು ಯಾರು? ಮೂರು ಹೊತ್ತು ಉಂಡು ಮೂಲೆಯಲ್ಲಿ ಕೂರುವ ಅಕ್ಕ, ಅಷ್ಟೆ.

"ಸೇತುವೆ ಬಿದ್ದುಹೋಗಿದೆಯಂತೆ," ಎಂದಳು. "ಅವರು ಗಿರಣಿ ಹತ್ರಾನೇ ಸಿಕ್ಕಿಹಾಕ್ಕೊಂಡಿದ್ದಾರೆ. ಕ್ವಾರಿ ಮೇಲಿಂದ ಜೀಪು ಇಳಿಸಬೇಕು."

"ಬಿದ್ದುಹೋಗಿದೆಯಂತೆ ಅಂದ್ರೆ? ಹೋದ ವಾರ ತಾನೇ ಆ ಕಡೆ ಹೋಗಿ ಬಂದೆ ಅಂದೆ?"

"ನಾನು ಹೋಗಿಲ್ಲ ಕಣೋ. ನಾಲ್ಕು ವರ್ಷದಿಂದ ಎಲ್ಲೂ ಹೋಗಿಲ್ಲ. ಬಸ್ ಸ್ಟಾಪಲ್ಲಿ ಕೂತು ಬರ್ತೀನಿ."

ತಮ್ಮ ಸ್ಪ್ಯಾನರ್ ಕೆಳಗಿಟ್ಟು ಜೀಪಿನ ಕೀಲಿ ತೆಗೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿಯೂ ಕೇಳಿಸಿಕೊಂಡಳು. ಅವಳು ಒಳಗೆ ಹೋಗಿ ಫ್ಲಾಸ್ಕಿಗೆ ಬಿಸಿನೀರು ತುಂಬಿ, ಕಂಬಳಿ ಸಮೇತ ತಂದು ಜೀಪಿನಲ್ಲಿಟ್ಟಳು. ಬೈದಿದ್ದರೆ ಟಪಾಲಮ್ಮನಿಗೆ ಹಗುರವಾಗುತ್ತಿತ್ತು.

ಕ್ವಾರಿಯ ಮಣ್ಣುದಾರಿಯಲ್ಲಿ ಜೀಪು ಎತ್ತಿ ಎತ್ತಿ ಹಾಕಿತು. "ಇಲ್ಲಿ ಎಡಕ್ಕೆ," ಎನ್ನುವ ಮೊದಲು ಈಗ ಅವಳು ಎರಡು ಸಲ ಯೋಚಿಸುತ್ತಿದ್ದಳು. ಒಂದು ಕಡೆ ಎಡಕ್ಕೆ ದಾರಿಯೇ ಇರಲಿಲ್ಲ, ಪೊದೆ ಬೆಳೆದಿತ್ತು. ತಮ್ಮ ಜೀಪು ಹಿಂದಕ್ಕೆ ತೆಗೆಯುತ್ತ ಕೊನೆಗೂ ಬಾಯಿ ಬಿಟ್ಟ. "ಒಂದು ಮಾತು ಹೇಳಿದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತಿದ್ನಲ್ಲಕ್ಕ."

"ಹಾಗೆ ಮಾಡಿದ್ರೆ ಚೀಟೀನೂ ನೀನೇ ಬರೀತಿದ್ದೆ," ಎಂದಳು ಅವಳು.

ಅವನು ಜೀಪು ಇಳಿಯಲಾರದ ಕಡೆ ನಿಲ್ಲಿಸಿ, ನೀನು ಇಲ್ಲೇ ಇರು ಎಂದು ಹೇಳಿ ಕೆಳಗೆ ಓಡಿದ. ಅವಳಿಗೆ ಇರಲಾಗಲಿಲ್ಲ. ನಡೆದು ಇಳಿಯಲು ಕಾಲು ಒಪ್ಪಲಿಲ್ಲ, ನೆಲದ ಮೇಲೆ ಕೂತು, ಎರಡೂ ಕೈ ಊರಿ, ಚಿಕ್ಕ ಮಕ್ಕಳ ಹಾಗೆ ಜಾರಿಕೊಂಡು ಇಳಿದಳು. ಸೀರೆ ಹರಿಯಿತು. ಕೆಳಗಿನಿಂದ ಯಾವ ದನಿಯೂ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಅವಳು ಮನಸ್ಸಿನಲ್ಲಿ ಆ ಹೆಂಗಸನ್ನು ನಾಲ್ಕು ಸಲ ಹೊಳೆಗೆ ಬೀಳಿಸಿದ್ದಳು.

ಹೆಂಗಸು ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಬಾಡಿತ್ತು, ಪಾದ ಊದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಗಂಡ ಸೊಂಟದ ತನಕ ಒದ್ದೆಯಾಗಿ ನಿಂತಿದ್ದ. ನೀರು ಎಷ್ಟಿದೆ ನೋಡಲು ಇಳಿದು ಜಾರಿ, ತನ್ನದೇ ಅಂಗಡಿಯ ಕನ್ನಡಕವನ್ನು ಹೊಳೆಗೆ ಕೊಟ್ಟಿದ್ದ. ಟಪಾಲಮ್ಮನನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಈ ದಾರೀನ ನೀವು ಇತ್ತೀಚೆಗೆ ನೋಡಿದ್ದೀರಾ?"

"ಇಲ್ಲ," ಎಂದಳು. "ನಾಲ್ಕು ವರ್ಷ ಆಯ್ತು. ತಪ್ಪು ನನ್ನದೇ."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ಕೈಯಲ್ಲಿದ್ದ ಚೀಟಿ ಎತ್ತಿ ತೋರಿಸಿದಳು. "ಇವರು ನನ್ನನ್ನ ಎತ್ತಿಕೊಂಡು ಹೊಳೆ ದಾಟ್ತೀನಿ ಅಂದ್ರು. ನಾನೇ ಬಿಡಲಿಲ್ಲ. ಕೊನೇ ಸಾಲು ನೀವೇ ಬರೆದಿದ್ದೀರಲ್ಲ, ಅನುಮಾನ ಬಂದರೆ ಅಲ್ಲೇ ಕೂತಿರಿ, ನಾನು ಬರ್ತೀನಿ ಅಂತ. ಅದಕ್ಕೇ ಕೂತಿದ್ದೆ."

ಆ ಸಾಲು ಅವಳು ಎಲ್ಲ ಚೀಟಿಯ ಕೊನೆಗೂ ಸಹಿ ಹಾಕಿದ ಹಾಗೆ ಬರೆಯುತ್ತಿದ್ದಳು. ಬರಲಾರೆ ಎಂದು ಚೆನ್ನಾಗಿ ಗೊತ್ತಿದ್ದೇ, ನಾಲ್ಕು ವರ್ಷ ನೂರಾರು ಜನರಿಗೆ ಬರೆದಿದ್ದಳು. ಅವಳಿಗೆ ತಲೆ ಎತ್ತಲಾಗಲಿಲ್ಲ.

ಇಬ್ಬರು ಗಂಡಸರು ಕೈ ಹೆಣೆದು ಹೆಂಗಸನ್ನು ಕೂರಿಸಿಕೊಂಡು ಮೇಲೆ ಹತ್ತಿಸಿದರು. ಆಮೇಲೆ ತಮ್ಮ ಮತ್ತೆ ಇಳಿದು ಬಂದು ಅಕ್ಕನನ್ನೂ ಹತ್ತಿಸಿದ. ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಬಸುರಿಯ ಕಾಲನ್ನು ತಮ್ಮನ ಹೆಂಡತಿ ಬಿಸಿನೀರಿನ ಟಬ್ಬಿನಲ್ಲಿ ಇಳಿಸಿದಳು. ಗಂಡ ಪಕ್ಕದಲ್ಲಿ ಬಿಗಿದ ಮುಖದಿಂದ ಕೂತ.

ಟಪಾಲಮ್ಮ ಒಂದು ಸ್ಟೂಲು ಎಳೆದುಕೊಂಡು ಅವರೆದುರು ಕೂತಳು. ಹೊಸ ಹಾಳೆ ತೊಡೆಯ ಮೇಲಿಟ್ಟುಕೊಂಡಳು. "ನಿಮಗೆ ಬೇಜಾರಿಲ್ಲದಿದ್ರೆ ಹೇಳಿ," ಎಂದಳು. "ಕ್ವಾರಿಯಲ್ಲಿ ಇಳಿದಿರಿ. ಬೇಲಿ ಬಲಕ್ಕಿತ್ತಾ?"

"ಬೇಲೀನೇ ಇಲ್ಲ," ಎಂದ ಗಂಡ.

ಬೇಲಿ ಇಲ್ಲ ಎಂದು ಬರೆದಳು. "ಮುಂದೆ ಎರಡು ಹಳ್ಳಿ ದಾರಿ ಸೇರೋ ಕಡೆ ಒಂದು ದೊಡ್ಡ ಹುಣಸೆಮರ. ನಾನು ಅದರ ಕೆಳಗೆ ಕೂತು ಊಟ ಮಾಡ್ತಿದ್ದೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮರ ಯಾವುದೂ ಇರಲಿಲ್ಲಮ್ಮ," ಎಂದಳು ಅವಳು ಮೆಲ್ಲಗೆ. "ಬರೀ ಬಯಲು."

ಅವಳು ಅದನ್ನೂ ಬರೆದುಕೊಂಡಳು. ಮರ ಇಲ್ಲ.

"ಆಮೇಲೆ?" ಎಂದು ಕೇಳಿದಳು.